ತಮ್ಮಗ ಪ್ರೊಬೇಷನ್ ಆಗೇತಿ, ಬೆಂಗಳೂರಿಗೆ ಗುಳೆ ಕರ್ಕೊಂಡು ಹೋಗಬಹುದೇನ್ರಿ?

ಪ್ರಶ್ನೆ (ಕುಷ್ಟಗಿ ತಾಲ್ಲೂಕು): ವಕೀಲರಿಗೆ ನಮಸ್ಕಾರ್ರಿ. ನನ್ನ ತಮ್ಮಗ 20 ವರ್ಷ. ಬೋರ್‌ವೆಲ್ ಕೇಬಲ್ ಕದ್ದ ಕೇಸಿನ್ಯಾಗ ಕೋರ್ಟ್ ಜೈಲಿಗೆ ಕಳಸಲಿಲ್ಲ, ಚಲೋ ನಡತಿಲೆ ಇರತೀನಿ ಅಂತ ಎರಡು ವರ್ಷದ ಬಾಂಡ್ ಬರಸ್ಕೊಂಡು ಪ್ರೊಬೇಷನ್ ಮ್ಯಾಲ ಬಿಟ್ಟೈತಿ. ಜಾಮೀನು ನಾನ. ಮೊನ್ನೆ ಪ್ರೊಬೇಷನ್ ಅಧಿಕಾರಿ ಮನಿಗೆ ಬಂದ್ರ, ನಮ್ಮವ್ವ ಪೊಲೀಸ್ರು ಅಂತ ಹೆದರಿ ಕದ ಹಾಕ್ಕೊಂಡಳು. ದೀಪಾವಳಿ ಮುಗದ ಮ್ಯಾಲ ಎಲ್ಲಾರೂ ಬೆಂಗಳೂರಿಗೆ ದುಡಿಯಾಕ ಹೊಂಟೀವಿ. ಅವನ್ನ ಏನ್ ಮಾಡೂದ್ರಿ?

ಉತ್ತರ (ಗಂಗಾವತಿಯ ವಕೀಲರು): ಮೊದಲು ಅವ್ವಗ ಹೇಳ್ರಿ, ಕದ ತೆಗೀಲಿ. ಬಂದವರು ಪೊಲೀಸರಲ್ಲ. 1958ರ ಪ್ರೊಬೇಷನ್ ಕಾಯ್ದೆಯ 14ನೇ ಕಲಂ ಓದಿದರೆ ಗೊತ್ತಾಗುತ್ತದೆ: ಹುಡುಗನ ಮೇಲೆ ನಿಗಾ ಇಡುವುದಷ್ಟೇ ಅಲ್ಲ, ಬೇಕಿದ್ದರೆ ಅವನಿಗೆ ಕೆಲಸ ಹುಡುಕಿಕೊಡಲು ಪ್ರಯತ್ನಿಸುವುದೂ ಆ ಅಧಿಕಾರಿಯದೇ ಕೆಲಸ. 21 ವರ್ಷ ತುಂಬದವರನ್ನು ಜೈಲಿಗೆ ಕಳಿಸುವ ಮುನ್ನ ಕೋರ್ಟು ಇವರಿಂದಲೇ ವರದಿ ತರಿಸಿಕೊಳ್ಳಬೇಕು. ಮನೆ ಹೇಗಿದೆ, ಹುಡುಗ ಎಂಥವನು ಎಂದು ಬರೆಯುವವರು ಇವರೇ. ಅಂಥವರಿಗೆ ಒಂದು ಲೋಟ ಚಹಾ ಕೊಟ್ಟು ಕೂಡಿಸಿದರೆ ನಿಮ್ಮ ಗಂಟೇನೂ ಹೋಗಲ್ಲ.

ಇನ್ನು ಗುಳೆ. ಹೇಳದೆ ಮಾತ್ರ ಹೋಗಬ್ಯಾಡ್ರಿ. ಕೋರ್ಟಿನ ಆದೇಶದ ಪ್ರತಿ ತೆಗೆದು ನೋಡಿ, ಎಲ್ಲಿ ವಾಸ ಇರಬೇಕು ಅಂತ ಷರತ್ತು ಇದ್ದೇ ಇರಬಹುದು. ಇದ್ದರೆ ಅಧಿಕಾರಿಗೆ ಈಗಲೇ ತಿಳಿಸಿ. ಅವರು ಅರ್ಜಿ ಹಾಕಿದರೆ ಷರತ್ತು ಬದಲಿಸುವ ಅಧಿಕಾರ 8ನೇ ಕಲಮಿನಡಿ ಕೋರ್ಟಿಗಿದೆ. ಮೇಸ್ತ್ರಿಯ ಫೋನ್ ನಂಬರು, ಇಳಿಯುವ ಶೆಡ್ಡಿನ ವಿಳಾಸ ಬರೆದುಕೊಡಿ. ದಸರಾಕ್ಕೂ ಮೊದಲೇ ಹೋಗಿ, ಕೋರ್ಟಿನ ಕೆಲಸ ನಿಮ್ಮ ಬಸ್ಸಿನ ಟೈಮಿಗೆ ಆಗಲ್ಲ.

ಪ್ರಶ್ನೆ (ಅವರೇ): ಹಂಗ ಹೋದ್ರ ಏನಾಗತೈತ್ರಿ?

ಉತ್ತರ: ಷರತ್ತು ಮುರಿದರೆ 9ನೇ ಕಲಮಿನಡಿ ಅವನಿಗೆ ವಾರಂಟ್ ಬರಬಹುದು, ಜಾಮೀನುದಾರ ಅಂತ ನಿಮ್ಮನ್ನೂ ಕರೆಸಬಹುದು. ಮೊದಲ ಸಲಕ್ಕೆ 50 ರೂಪಾಯಿವರೆಗೆ ದಂಡ ಹಾಕಿ ಬಾಂಡ್ ಮುಂದುವರಿಸಬಹುದು. ಐವತ್ತೇ ಅಂತ ನಗಬ್ಯಾಡ್ರಿ, ಮೂಲ ಕಳವಿಗೇ ಶಿಕ್ಷೆ ಕೊಡುವ ದಾರಿಯೂ ಅದೇ ಕಲಮಿನಲ್ಲಿದೆ.

ಪ್ರಶ್ನೆ (ಸಿಂಧನೂರು): ಸರ್, ನಮ್ಮ ಹುಡುಗ ಕಳವು ಮಾಡಿದಾಗ 20, ಈಗ 22. ಆ 21ರ ನಿಯಮ ಸಿಗುತ್ತಾ?

ಉತ್ತರ: ಇಲ್ಲ. ಶಿಕ್ಷೆ ಕೊಡುವ ದಿನದ ವಯಸ್ಸೇ ಲೆಕ್ಕ ಅಂತ ಸುಪ್ರೀಂ ಕೋರ್ಟು ಹೇಳಿದೆ. ಆದರೆ ಬಾಂಡ್ ಬರೆಸಿಕೊಂಡು ಬಿಡುವ 4ನೇ ಕಲಮಿಗೆ ವಯಸ್ಸಿನ ಮಿತಿ ಇಲ್ಲ, ಅದರಡಿ ನಿಮ್ಮ ವಕೀಲರು ಕೇಳಲಿ.