ಎಡಗಾಲು ಇನ್ನೂ ಕ್ಲಚ್ ಹುಡುಕುತ್ತಿದೆ: 64ನೆಯ ವಯಸ್ಸಿನಲ್ಲಿ ಆಟೊಮ್ಯಾಟಿಕ್ ಕಾರು

ಪ್ರಶ್ನೆ – ನಿವೃತ್ತ ಶಿಕ್ಷಕ, ವಿಜಯಪುರ

ನನಗೀಗ 64 ವರ್ಷ. 31 ವರ್ಷಗಳಿಂದ ಕ್ಲಚ್ ಇರುವ ಕಾರನ್ನೇ ಓಡಿಸುತ್ತ ಬಂದವನು. ಎಡ ಮೊಣಕಾಲು ಸವೆದಿದೆ, ಕ್ಲಚ್ ತುಳಿಯುವುದನ್ನು ಕಡಿಮೆ ಮಾಡಿ ಎಂದು ವೈದ್ಯರು ಹೇಳಿದ್ದರಿಂದ ಎರಡು ತಿಂಗಳ ಹಿಂದೆ ಹಳೆಯ ಕಾರನ್ನು ಕೊಟ್ಟು ಸಣ್ಣದೊಂದು ಆಟೊಮ್ಯಾಟಿಕ್ ಕಾರನ್ನು ತಂದೆ. ಇನ್ನು ಮೇಲೆ ಸ್ಟಿಯರಿಂಗ್ ಹಿಡಿದು ಕುಳಿತರೆ ಸಾಕು ಎಂದು ಮಗ ಹೇಳಿದ್ದ. ಹಾಗಾಗಲಿಲ್ಲ.

ಮೊದಲನೆಯ ತೊಂದರೆ ನನ್ನ ಎಡಗಾಲಿನದು. ಗಾಂಧಿ ಚೌಕದ ದಟ್ಟಣೆಯಲ್ಲಿ ಮುಂದಿನ ಆಟೊರಿಕ್ಷಾ ನಿಧಾನವಾದೊಡನೆ ಆ ಕಾಲು ನನ್ನ ಅಪ್ಪಣೆಗೆ ಕಾಯದೆ ಮುಂದೆ ಹೋಗಿ, ಬ್ರೇಕ್ ಪೆಡಲನ್ನು ಕ್ಲಚ್ ಎಂದು ತಿಳಿದು ಪೂರ್ತಿ ತುಳಿದುಬಿಡುತ್ತದೆ. ಕಾರು ಗೂಟಕ್ಕೆ ಕಟ್ಟಿದಂತೆ ನಿಲ್ಲುತ್ತದೆ. ಕಳೆದ ವಾರ ಹಿಂದೆ ಬರುತ್ತಿದ್ದ ಬೈಕಿನ ಹುಡುಗ ಸ್ವಲ್ಪದರಲ್ಲಿ ಪಾರಾದ, ನನಗೆ ನಾಲ್ಕು ಮಾತೂ ಅಂದ. ಅವನು ಅಂದದ್ದು ತಪ್ಪಲ್ಲ.

ಎರಡನೆಯದು ಬೆಳಗಾವಿಯಲ್ಲಿ ಮಗಳ ಮನೆಗೆ ಹೋದಾಗ ಆದದ್ದು. ಕಪಿಲೇಶ್ವರ ಮೇಲ್ಸೇತುವೆಯ ಏರಿನಲ್ಲಿ ವಾಹನಗಳು ನಿಂತಿದ್ದವು. ಬ್ರೇಕಿನಿಂದ ಆಕ್ಸಿಲರೇಟರಿಗೆ ಕಾಲು ಬದಲಿಸುವಷ್ಟರಲ್ಲಿ ಕಾರು ಎರಡು ಮೂರು ಅಡಿ ಹಿಂದೆ ಜಾರಿತು. ‘ರೀ, ಹಿಂದಕ್ಕ ಹೊಂಟೈತ್ರೀ’ ಎಂದು ನಮ್ಮ ಮನೆಯವರು ಕೂಗಿದ್ದು ಇನ್ನೂ ಕಿವಿಯಲ್ಲಿದೆ. ಮೂರನೆಯದು, ಒಂದನೆಯ ಗೇರಿನಿಂದ ಎರಡನೆಯದಕ್ಕೆ ಹೋಗುವಾಗ ಪ್ರತಿ ಸಲವೂ ತಲೆ ಮುಂದಕ್ಕೆ ತೂಗುವಷ್ಟು ಜಗ್ಗುತ್ತದೆ. ಸರ್ವಿಸ್ ಮಾಡುವವರಿಗೆ ಎರಡು ಸಲ ತೋರಿಸಿದೆ. ಎಲ್ಲವೂ ಸರಿಯಿದೆ ಎಂದು ತೊಳೆದು ಕೊಟ್ಟರು. ದೋಷ ಕಾರಿನಲ್ಲಿದೆಯೋ ನನ್ನಲ್ಲಿದೆಯೋ ಎಂಬುದನ್ನು ತಿಳಿದವರು ಹೇಳಬೇಕು.

ಉತ್ತರ – ಗ್ಯಾರೇಜ್ ನಡೆಸುವವನು, ಬಾಗಲಕೋಟೆ

ಗುರುಗಳೇ, ನಮಸ್ಕಾರ. ಮೊದಲು ಎರಡು ವಿಷಯ ತಿಳಿಸಿ. ಗೇರ್ ಲಿವರಿನ ಪಕ್ಕದಲ್ಲಿ ‘ಪಿ’ (ಪಾರ್ಕಿಂಗ್) ಅಕ್ಷರ ಇದೆಯೇ? ಸಮತಟ್ಟಾದ ನೆಲದಲ್ಲಿ ‘ಡಿ’ಗೆ (ಡ್ರೈವ್) ಹಾಕಿ ಬ್ರೇಕ್ ಬಿಟ್ಟರೆ ಕಾರು ತಾನಾಗಿ ತೆವಳುತ್ತದೆಯೇ? ಆಟೊಮ್ಯಾಟಿಕ್ ಎಂಬ ಒಂದೇ ಹೆಸರಿನಲ್ಲಿ ಎ.ಎಂ.ಟಿ., ಸಿ.ವಿ.ಟಿ., ಟಾರ್ಕ್ ಕನ್ವರ್ಟರ್, ಡ್ಯುಯಲ್ ಕ್ಲಚ್ ಎಂಬ ನಾಲ್ಕು ಬಗೆಯ ಗೇರ್ ವ್ಯವಸ್ಥೆಗಳು ಮಾರಾಟವಾಗುತ್ತಿದ್ದು, ಒಂದರಲ್ಲಿ ರೋಗವೆನಿಸುವುದು ಇನ್ನೊಂದರಲ್ಲಿ ಹುಟ್ಟುಗುಣವಾಗಿರುತ್ತದೆ.

ನಿವೃತ್ತ ಶಿಕ್ಷಕ, ವಿಜಯಪುರ

‘ಪಿ’ ಇಲ್ಲ, ಆರ್ (ರಿವರ್ಸ್), ಎನ್ (ನ್ಯೂಟ್ರಲ್), ಡಿ, ಎಂ (ಮ್ಯಾನ್ಯುಯಲ್) ಎಂಬ ನಾಲ್ಕೇ ಅಕ್ಷರಗಳಿವೆ. ಬ್ರೇಕ್ ಬಿಟ್ಟ ಮೇಲೆ ಒಂದು ಕ್ಷಣ ತಡೆದು ತೆವಳುತ್ತದೆ.

ಗ್ಯಾರೇಜ್ ನಡೆಸುವವನು, ಬಾಗಲಕೋಟೆ

ಹಾಗಾದರೆ ಅದು ಎ.ಎಂ.ಟಿ. ನಮ್ಮ ದೇಶದಲ್ಲಿ 2014ರಲ್ಲಿ ಮಾರುತಿ ಸೆಲೆರಿಯೊ ಮೂಲಕ ಮನೆಮಾತಾದ ವ್ಯವಸ್ಥೆ ಇದೇ. ಇದರೊಳಗೆ ಇರುವುದು ನಿಮ್ಮ ಹಳೆಯ ಕಾರಿನಲ್ಲಿದ್ದಂಥದೇ ಗೇರ್‌ಬಾಕ್ಸ್, ಅಂಥದೇ ಕ್ಲಚ್ ಪ್ಲೇಟ್. ನಿಮ್ಮ ಎಡಗಾಲು ಮತ್ತು ಎಡಗೈ ಮಾಡುತ್ತಿದ್ದ ಕೆಲಸವನ್ನು ಕಂಪ್ಯೂಟರಿನ ಆಜ್ಞೆಯಂತೆ ಒಂದು ಯಾಂತ್ರಿಕ ಸಾಧನ ಮಾಡುತ್ತದೆ, ಅಷ್ಟೇ. ಆದ್ದರಿಂದ ಗೇರ್ ಬದಲಾಗುವ ಹೊತ್ತಿಗೆ ಎಂಜಿನ್ನಿನ ಬಲ ಚಕ್ರಕ್ಕೆ ಒಂದು ಗಳಿಗೆ ತಪ್ಪುತ್ತದೆ. ನೀವು ಕಂಡ ಜಗ್ಗುವಿಕೆ ಅದು. ಕ್ಲಚ್ ಕಾರಿನಲ್ಲಿ ಗೇರ್ ಬದಲಿಸುವಾಗ ನೀವು ಬಲಗಾಲನ್ನು ಮೇಲೆತ್ತುತ್ತಿದ್ದಿರಿ. ಈಗ ಯಂತ್ರವೇ ಬದಲಿಸುತ್ತದೆಂದು ನಂಬಿ ಒತ್ತಿಕೊಂಡೇ ಇರುತ್ತೀರಿ. ಒಂದರಿಂದ ಎರಡಕ್ಕೆ ಹೋಗುವ ಸದ್ದು ಕೇಳುವ ಮುಂಚೆ, ಕಾಲನ್ನು ಪೂರ್ತಿ ತೆಗೆಯದೆ, ಬೆರಳು ಸಡಿಲಿಸಿದಷ್ಟೇ ಸಡಿಲಿಸಿ ನೋಡಿ. ಹೀಗೆ ಮಾಡಿದರೂ ಮೊದಲಿನಂತೆಯೇ ಜಗ್ಗಿದರೆ, ಅಥವಾ ಹೊರಡುವಾಗ ಇಡೀ ಕಾರು ನಡುಗಿದರೆ, ಆಗ ಕ್ಲಚ್ ತಪಾಸಣೆಗೆ ಕೊಡಬೇಕು.

ಏರಿನಲ್ಲಿ ಹಿಂದೆ ಜಾರುವುದಕ್ಕೂ ಕಾರಣ ಇದೇ ಕ್ಲಚ್. ಟಾರ್ಕ್ ಕನ್ವರ್ಟರಿನಲ್ಲಿ ಎಂಜಿನ್ ತಿರುಗುವಷ್ಟು ಹೊತ್ತೂ ಎಣ್ಣೆಯ ಒತ್ತಡ ಚಕ್ರವನ್ನು ಮುಂದಕ್ಕೆ ನೂಕುತ್ತಿರುತ್ತದೆ. ಎ.ಎಂ.ಟಿ.ಯಲ್ಲಿ ನೀವು ಬ್ರೇಕ್ ತುಳಿದು ನಿಂತಾಗ ಕ್ಲಚ್ ಬಿಡಿಸಿಕೊಂಡಿರುತ್ತದೆ. ಅದು ಮತ್ತೆ ಹಿಡಿಯುವವರೆಗೆ ಇಳಿಜಾರಿನದೇ ಆಟ. ಕೆಲವು ಕಾರುಗಳಲ್ಲಿ ಹಿಲ್ ಹೋಲ್ಡ್ ಎಂಬ ಸೌಲಭ್ಯವಿದ್ದು, ಬ್ರೇಕ್ ಬಿಟ್ಟ ಮೇಲೂ ಸುಮಾರು 2 ಸೆಕೆಂಡು ಕಾರನ್ನು ಹಿಡಿದಿಡುತ್ತದೆ. ನಿಮ್ಮದರಲ್ಲಿ ಅದು ಇಲ್ಲವೆಂದು ತೋರುತ್ತದೆ. ಪರಿಹಾರ ನಿಮಗೆ ಗೊತ್ತಿರುವುದೇ: ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿ, ಹೊರಡುವಾಗ ಆಕ್ಸಿಲರೇಟರನ್ನು ಮೆಲ್ಲಗೆ ಒತ್ತಿ, ಕಾರು ಮುಂದಕ್ಕೆ ತುಯ್ಯುತ್ತಿದೆ ಎಂದು ತಿಳಿದ ಮೇಲೆ ಹ್ಯಾಂಡ್‌ಬ್ರೇಕ್ ಇಳಿಸಿ. ವಿಜಯಪುರದ ಬಯಲಿನಲ್ಲಿ ಓಡಿಸುವವರಿಗೆ ಈ ರೂಢಿ ತಪ್ಪಿಹೋಗಿರುವುದು ಸಹಜ. ಒಂದನ್ನು ಮಾತ್ರ ಮಾಡಬೇಡಿ: ಏರಿನಲ್ಲಿ ಬ್ರೇಕ್ ಬಿಟ್ಟು, ಆಕ್ಸಿಲರೇಟರ್ ಒತ್ತಿ ಕಾರನ್ನು ನಿಂತಲ್ಲೇ ತೂಗಿಸಿಕೊಂಡಿರುವುದು. ಅರ್ಧ ಹಿಡಿದ ಕ್ಲಚ್ ಉಜ್ಜಿ ಉಜ್ಜಿ ಸುಡುತ್ತದೆ. ನನ್ನ ಗ್ಯಾರೇಜಿಗೆ ಸುಟ್ಟ ವಾಸನೆಯೊಂದಿಗೆ ಬರುವ ಎ.ಎಂ.ಟಿ. ಕಾರುಗಳ ಕಥೆ ಬಹುಪಾಲು ಇದೇ.

ಉತ್ತರ – ಜಮಖಂಡಿಯ ಓದುಗ

ಎಡಗಾಲು ಬ್ರೇಕಿನ ಕಡೆಗೆ ಹೋಗುತ್ತಿದ್ದರೆ ಅದಕ್ಕೇ ಬ್ರೇಕಿನ ಕೆಲಸ ವಹಿಸಿಬಿಡಬಹುದಲ್ಲವೇ? ರೇಸಿನಲ್ಲಿ ಓಡಿಸುವವರು ಎಡಗಾಲಿನಲ್ಲೇ ಬ್ರೇಕ್ ಹಾಕುತ್ತಾರೆ. ಸ್ವಲ್ಪ ದಿನ ರೂಢಿಸಿಕೊಂಡರೆ ಸರಿಹೋಗುತ್ತದೆ.

ಉತ್ತರ – ನಿವೃತ್ತ ಬಸ್ ಚಾಲಕ, ಬೆಳಗಾವಿ

ಜಮಖಂಡಿಯವರು ತಪ್ಪು ತಿಳಿಯಬಾರದು, ಈ ಸಲಹೆಯನ್ನು ಗುರುಗಳು ಪಾಲಿಸುವುದು ಬೇಡ. ಮೂರು ದಶಕ ಕ್ಲಚ್ ತುಳಿದ ಕಾಲಿಗೆ ಗೊತ್ತಿರುವುದು ಒಂದೇ ವಿದ್ಯೆ, ಸರಕ್ಕನೆ ತಳದವರೆಗೆ ಒತ್ತುವುದು. ಬ್ರೇಕಿಗೆ ಬೇಕಾದದ್ದು ಅಳೆದು ಒತ್ತುವ ಹದ, ಮತ್ತು ಆ ಹದ ಇರುವುದು ಬಲಗಾಲಿಗೆ. ಎದುರಿಗೆ ಎಮ್ಮೆ ಅಡ್ಡ ಬಂದು ಗಾಬರಿಯಾದಾಗ ಎರಡು ಕಾಲುಗಳೂ ಒಟ್ಟಿಗೆ ಒತ್ತುವ ಅಪಾಯ ಬೇರೆ ಇದೆ. ಇನ್ನು ಎಡಗಾಲು ಬ್ರೇಕಿನ ಮೇಲೆ ಸುಮ್ಮನೆ ಕುಳಿತಿದ್ದರೂ ಹಿಂದಿನ ಕೆಂಪು ದೀಪ ಉರಿಯುತ್ತಲೇ ಇರುವುದರಿಂದ, ನೀವು ನಿಜವಾಗಿ ಬ್ರೇಕ್ ಹಾಕಿದ್ದು ಯಾವಾಗ ಎಂಬುದು ಹಿಂದಿನವನಿಗೆ ತಿಳಿಯುವುದೇ ಇಲ್ಲ.

ಬಸ್ಸು ಬಿಟ್ಟ ಮೇಲೆ ನಾನು ಓಡಿಸಿದ್ದೂ ಆಟೊಮ್ಯಾಟಿಕ್ ಕಾರನ್ನೇ. ನನಗೂ ಇದೇ ಆಗಿತ್ತು, ಆದ್ದರಿಂದ ಮಾಡಿದ್ದನ್ನು ಹೇಳುತ್ತೇನೆ. ಎಡಗಾಲನ್ನು ಬದಿಯ ಡೆಡ್ ಪೆಡಲಿನ, ಅಂದರೆ ಕಾಲು ಊರಲು ಇರುವ ಹಲಗೆಯ ಮೇಲೆ ಚಾಚಿ ಇಟ್ಟರೆ ಅದು ಅಲ್ಲಿಂದ ಸುಲಭವಾಗಿ ಜಿಗಿಯುತ್ತದೆ. ಕಲಿಯುವ ದಿನಗಳಲ್ಲಿ ಮೊಣಕಾಲು ಮಡಚಿ, ಪಾದವನ್ನು ಸೀಟಿನ ಕಡೆಗೆ ಹಿಂದೆ ಎಳೆದು ಇಟ್ಟುಕೊಳ್ಳಿ. ಅಲ್ಲಿಂದ ಬ್ರೇಕಿಗೆ ಹೋಗಲು ಕಾಲು ಎರಡು ಹೆಜ್ಜೆಯ ಕೆಲಸ ಮಾಡಬೇಕಾಗುತ್ತದೆ, ಅಷ್ಟರಲ್ಲಿ ನಿಮಗೆ ಎಚ್ಚರವಾಗುತ್ತದೆ. ಮೊಣಕಾಲು ಬಹಳ ಹೊತ್ತು ಮಡಚಿದರೆ ನೋಯುವುದಾದರೆ ಹತ್ತು ಹದಿನೈದು ನಿಮಿಷಕ್ಕೊಮ್ಮೆ ಕಾರು ನಿಲ್ಲಿಸಿ ಇಳಿದು ಓಡಾಡಿ. ಬಲಗಾಲಿನ ಹಿಮ್ಮಡಿ ಬ್ರೇಕಿನ ಎದುರಿಗೆ ನೆಲದ ಮೇಲೆ ಊರಿರಲಿ. ಆಕ್ಸಿಲರೇಟರಿಗೆ ಮುಂಗಾಲು ಮಾತ್ರ ಹೊರಳಲಿ. ಇಡೀ ಕಾಲನ್ನು ಎತ್ತಿ ಎತ್ತಿ ಇಡುವವರೇ ಗಾಬರಿಯಲ್ಲಿ ಬ್ರೇಕ್ ಎಂದು ಆಕ್ಸಿಲರೇಟರ್ ಒತ್ತುವವರು. ಕೊಲ್ಹಾಪುರಿ ಚಪ್ಪಲಿ ಹಾಕಿಕೊಂಡು ಓಡಿಸುವ ರೂಢಿಯಿದ್ದರೆ ಅದನ್ನು ಬಿಡಿ, ಹಿಂಬದಿ ಪಟ್ಟಿಯಿಲ್ಲದ ಚಪ್ಪಲಿ ಹಿಮ್ಮಡಿಯಿಂದ ಕಳಚಿ ಪೆಡಲಿನ ಅಡಿಗೆ ಸರಿಯುತ್ತದೆ. ನಮ್ಮ ಕಡೆಯ ಚಪ್ಪಲಿಯ ಬಗ್ಗೆ ನನಗೂ ಅಭಿಮಾನವಿದೆ, ಆದರೆ ಅದರ ಜಾಗ ಪೆಡಲ್ ಅಲ್ಲ.

ಖಾಲಿ ಬಡಾವಣೆಯ ರಸ್ತೆಯೊಂದನ್ನು ಹುಡುಕಿ, ಬೆಳಿಗ್ಗೆ ಆರಕ್ಕೆ ಹೋಗಿ, ಆಕ್ಸಿಲರೇಟರ್ ಮುಟ್ಟದೆ ಬರೀ ಬ್ರೇಕ್ ಬಿಡುತ್ತ ಹಾಕುತ್ತ ಕಾರನ್ನು ತೆವಳಿಸಿರಿ. ಕಂಬದಿಂದ ಕಂಬಕ್ಕೆ ನಿಲ್ಲಿಸಿ. ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಮನೆಯವರು ಪಕ್ಕದಲ್ಲಿ ಕುಳಿತು ನಿಮ್ಮ ಎಡಗಾಲು ಅಲುಗಿದಾಗಲೆಲ್ಲ ಹೇಳಿದರೆ ಇನ್ನೂ ಬೇಗ ಬರುತ್ತದೆ.

ನಿವೃತ್ತ ಶಿಕ್ಷಕ, ವಿಜಯಪುರ – ಮೂರು ವಾರಗಳ ನಂತರ

ಎಲ್ಲರಿಗೂ ಕೃತಜ್ಞ. ಮೊದಲ ದಿನ ಇಪ್ಪತ್ತು ನಿಮಿಷಗಳಲ್ಲಿ ಎಡಗಾಲು ಹನ್ನೊಂದು ಸಲ ಎದ್ದಿತೆಂದು ನಮ್ಮ ಮನೆಯವರು ಲೆಕ್ಕ ಕೊಟ್ಟರು. ಹಾಜರಿ ಪುಸ್ತಕದಂತೆ ಬರೆದಿಟ್ಟಿದ್ದಾರೆ. ಹತ್ತನೆಯ ದಿನ ಎರಡಕ್ಕೆ ಇಳಿಯಿತು, ಈ ವಾರ ಒಮ್ಮೆಯೂ ಇಲ್ಲ. ಬಲಗಾಲನ್ನು ಸಡಿಲಿಸುವ ಉಪಾಯದಿಂದ ಜಗ್ಗುವುದು ಬಹಳ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಮೊನ್ನೆ ಕಪಿಲೇಶ್ವರ ಮೇಲ್ಸೇತುವೆಯನ್ನು ಹ್ಯಾಂಡ್‌ಬ್ರೇಕ್ ಹಿಡಿದು ಒಂದಂಗುಲವೂ ಜಾರದೆ ಹತ್ತಿದೆ.

ಈಗ ಉಳಿದಿರುವುದು ಎರಡು ಸಂಶಯ. ಕಬ್ಬಿನ ಹಂಗಾಮಿನಲ್ಲಿ ಎರಡು ಟ್ರೇಲರ್ ಕಟ್ಟಿಕೊಂಡು ಹೋಗುವ ಟ್ರ್ಯಾಕ್ಟರನ್ನು ದಾಟಲು ಹೊರಟರೆ ಕಾರು ಒಂದು ಕ್ಷಣ ಮಂಕಾಗುತ್ತದೆ, ಆ ಒಂದು ಕ್ಷಣ ಎದೆ ನಡುಗಿಸುತ್ತದೆ. ಇನ್ನೊಂದು, ‘ಪಿ’ ಇಲ್ಲದ ಕಾರನ್ನು ಇಳಿಜಾರಿನಲ್ಲಿ ಹೇಗೆ ನಿಲ್ಲಿಸುವುದು?

ಗ್ಯಾರೇಜ್ ನಡೆಸುವವನು, ಬಾಗಲಕೋಟೆ

ದಾಟುವ ನಿರ್ಧಾರ ಮಾಡಿದ ಮೇಲೆ ಆಕ್ಸಿಲರೇಟರ್ ಒತ್ತಿದರೆ ತಡವಾಯಿತು. ಟ್ರ್ಯಾಕ್ಟರಿನ ಹಿಂದೆ ಇರುವಾಗಲೇ, ಗೇರನ್ನು ನೀವೇ ಬದಲಿಸಬಹುದಾದ ‘ಎಂ’ಗೆ ತಂದು ಒಂದು ಗೇರ್ ಇಳಿಸಿಕೊಳ್ಳಿ; ರಸ್ತೆ ತೆರವಾದಾಗ ಗೇರ್ ಸಿದ್ಧವಾಗಿರುತ್ತದೆ. ಎರಡು ಟ್ರೇಲರಿನ ಉದ್ದ ಕಣ್ಣಿಗೆ ಕಾಣುವುದಕ್ಕಿಂತ ಹೆಚ್ಚು, ಅದನ್ನು ಸೇರಿಸಿ ಲೆಕ್ಕ ಹಾಕಿ. ಚೋರ್ಲಾ ಘಾಟಿನಂಥ ಇಳುಕಲಿನಲ್ಲೂ ಇದೇ ‘ಎಂ’ನಲ್ಲಿ ಎರಡನೆಯ ಅಥವಾ ಮೂರನೆಯ ಗೇರಿನಲ್ಲಿ ಇಳಿಯಿರಿ. ಬರೀ ಬ್ರೇಕನ್ನು ನಂಬಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ.

ನಿಲ್ಲಿಸುವಾಗ ಬ್ರೇಕ್ ತುಳಿದೇ ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆಯಿರಿ, ಲಿವರನ್ನು ‘ಎನ್’ನಲ್ಲಿ ಬಿಡದೆ ‘ಡಿ’ ಅಥವಾ ‘ಆರ್’ನಲ್ಲಿಟ್ಟು ಎಂಜಿನ್ ಆರಿಸಿರಿ. ಗೇರ್ ಸಿಕ್ಕಿಕೊಂಡೇ ಉಳಿಯುವುದರಿಂದ ಹಳೆಯ ಕಾರನ್ನು ಗೇರಿನಲ್ಲಿ ಬಿಟ್ಟು ಹೋದಂತೆಯೇ ಆಯಿತು. ಒಮ್ಮೆ ಕಾರಿನ ಜೊತೆ ಬಂದ ಪುಸ್ತಕವನ್ನೂ ತೆರೆದು ಈ ಕ್ರಮವನ್ನು ತಾಳೆ ನೋಡಿಕೊಳ್ಳಿ. ಮತ್ತೆ ಚಾಲೂ ಮಾಡುವಾಗ ‘ಎನ್’ಗೆ ತಂದು ಬ್ರೇಕ್ ತುಳಿಯಬೇಕು, ಇಲ್ಲದಿದ್ದರೆ ಎಂಜಿನ್ ಹತ್ತುವುದಿಲ್ಲ, ಅದನ್ನು ದೋಷವೆಂದು ತಿಳಿಯಬೇಡಿ.

ನೀವು ಕೇಳದಿದ್ದರೂ ಒಂದು ಮಾತು. ಬ್ಯಾಟರಿ ಇಳಿದ ದಿನ ಓಣಿಯ ಹುಡುಗರನ್ನು ಕರೆದು ನೂಕಿಸಿ ಚಾಲೂ ಮಾಡುವ ಹಳೆಯ ಪದ್ಧತಿ ಈ ಕಾರಿಗೆ ನಡೆಯುವುದಿಲ್ಲ, ಏಕೆಂದರೆ ಕ್ಲಚ್ ಹಿಡಿಯಬೇಕಾದ ಯಂತ್ರಕ್ಕೂ ಅದೇ ಬ್ಯಾಟರಿಯಿಂದ ಶಕ್ತಿ ಬರಬೇಕು. ಡಿಕ್ಕಿಯಲ್ಲಿ ಜಂಪರ್ ಕೇಬಲ್ ಒಂದು ಜೊತೆ ಇಟ್ಟುಕೊಳ್ಳಿ.