ಅಪ್‌ಡೇಟ್: ಟೇಬಲ್ ವಾಲಿದಾಗ ರಂಧ್ರ ಜಾರುತ್ತಿದ್ದದ್ದು ಯಾಕೆ ಅಂತ ಗೊತ್ತಾಯ್ತು

ಭೋಸರಿಯ ನಮ್ಮ ಶಾಪ್‌ನ ಫೈವ್ ಆಕ್ಸಿಸ್ ಮಷಿನ್ (ಟೇಬಲ್ ವಾಲಿಸಿ, ತಿರುಗಿಸಿಯೂ ಕೊರೆಯುವ ಕಂಪ್ಯೂಟರ್ ಚಾಲಿತ ಯಂತ್ರ) ಬಗ್ಗೆ ಕೇಳಿದ್ದೆನಲ್ಲ: ಸಿಮ್ಯುಲೇಶನ್‌ನಲ್ಲಿ ಎಲ್ಲ ಸರಿ, ನಿಜವಾಗಿ ಕೊರೆದ ಜಾಬ್‌ನಲ್ಲಿ ಮಾತ್ರ ರಂಧ್ರ ಪಕ್ಕಕ್ಕೆ. ಟೇಬಲ್ ಮಟ್ಟವಾಗಿದ್ದಾಗ ತೊಂದರೆಯೇ ಇರಲಿಲ್ಲ.

ನೀವು ಹೇಳಿದ ಹಾಗೆ ಟೇಬಲ್ ಮೇಲೆ ರೆಫರೆನ್ಸ್ ಬಾಲ್ (ಅಳತೆಗೆ ಬಳಸುವ ನಿಖರ ಗೋಳ) ಕೂರಿಸಿ, ಎ ಆಕ್ಸಿಸ್ (ಟೇಬಲ್ ವಾಲುವ ಅಕ್ಷ) 0 ಮತ್ತು 90 ಡಿಗ್ರಿಯಲ್ಲಿ ಪ್ರೋಬ್ ಮಾಡಿದೆ, ಅಂದರೆ ಮುಟ್ಟಿ ಅಳೆದೆ. ಟೇಬಲ್ ತಿರುಗುವ ಕೇಂದ್ರದ ಎತ್ತರ ಮಷಿನ್‌ನ ಡ್ರಾಯಿಂಗ್‌ಗಿಂತ 0.06 ಮಿ.ಮೀ. ಕೆಳಗಿದೆ! 90 ಡಿಗ್ರಿ ವಾಲಿಸಿದರೆ ವೈ, ಝಡ್ (ಹಿಂದೆ-ಮುಂದೆ, ಮೇಲೆ-ಕೆಳಗೆ) ಎರಡರಲ್ಲೂ ಅಷ್ಟೇ ತಪ್ಪು. ಮಷಿನ್‌ಗೆ ಕೋಡ್ ಬರೆದುಕೊಡುವ ಪೋಸ್ಟ್ ಪ್ರೊಸೆಸರ್‌ಗೂ ಸಿಮ್ಯುಲೇಶನ್‌ಗೂ ನಾನೇ ಡ್ರಾಯಿಂಗ್ ಅಳತೆ ಕೊಟ್ಟಿದ್ದೆ. ಎರಡೂ ಒಂದೇ ಸುಳ್ಳು ಹೇಳಿದರೆ ತಪ್ಪು ಕಾಣೋದಾದರೂ ಹೇಗೆ, ಅಲ್ವಾ?

ಎರಡು ಕಡೆಯೂ ಅಳೆದ ಅಂಕಿ ಹಾಕಿದೆ. ರಂಧ್ರ ಜಾಗಕ್ಕೆ ಬಂತು. "ಮೊದಲೇ ಡಯಲ್ ಗೇಜ್ ಹಚ್ಚಿ ಅಳೆಯಬೇಕಿತ್ತು" ಅಂತ ಆಪರೇಟರ್ ಕಾಕಾ ಈಗಲೂ ನಗುತ್ತಾರೆ. ಇನ್ನು ಸಿ ಆಕ್ಸಿಸ್ (ಟೇಬಲ್ ಸುತ್ತುವ ಅಕ್ಷ) ಕೇಂದ್ರ ನೋಡಬೇಕು.