ಭಾನುವಾರಕ್ಕೆ ಯಾವ ದೆವ್ವದ ಸಿನಿಮಾ ಅಂತ ಕೇಳಿದ್ದಕ್ಕೆ

ಪುಟ್ಟಾ, ನಾನು ಚಿಂತಾಮಣಿ ದೊಡ್ಡಮ್ಮ. ಟೈಪ್ ಮಾಡುತ್ತಾ ಕೂತರೆ ರಾತ್ರಿ ಆಗಿಬಿಡುತ್ತದೆ, ಅದಕ್ಕೆ ಬಾಯಲ್ಲೇ ಹೇಳುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಪೂರ್ತಿ ಕೇಳು. ಭಾನುವಾರ ಅಜ್ಜಿ ಮನೆಯಲ್ಲಿ ಎಲ್ಲರೂ ಸೇರಿದಾಗ ಹಾಕಲು ಒಂದು ದೆವ್ವದ ಸಿನಿಮಾ ಬೇಕು, ನೀವೆಲ್ಲ ನೋಡಿದ್ದರಲ್ಲಿ ಜಾಸ್ತಿ ಹೆದರಿಸಿದ್ದು ಯಾವುದು ಅಂತ ನೀನು ಕೇಳಿದ್ದೆ. ಬೆಳಿಗ್ಗೆಯಿಂದ ಎಲ್ಲರೂ ಇಂಗ್ಲಿಷ್ ಸಿನಿಮಾಗಳ ಹೆಸರೇ ಹಾಕಿದ್ದಾರೆ. ನಿಮ್ಮಕ್ಕ ಅಂತೂ ಕನ್ನಡದಲ್ಲಿ ಹೆದರಿಸುವ ಸಿನಿಮಾನೇ ಬಂದಿಲ್ಲ ಎಂದು ಬರೆದಿದ್ದಾಳೆ. ಅದನ್ನು ಓದಿ ನನಗೆ ಸುಮ್ನೆ ಇರಲು ಆಗಲಿಲ್ಲ.

ನನ್ನ ಕೇಳಿದರೆ, ಕೂದಲು ಬಿಟ್ಟುಕೊಂಡು ಬಿಳಿ ಸೀರೆಯಲ್ಲಿ ಬರುವ ದೆವ್ವಕ್ಕೆ ಒಂದು ಸಲ ಕಿರುಚಿ ಸುಮ್ಮನಾಗುತ್ತೇವೆ. ಮನೆಗೆ ಬಂದು ಊಟ ಮಾಡಿ ಮಲಗುತ್ತೇವೆ. ನಿದ್ದೆ ಕೆಡಿಸುವುದೇ ಬೇರೆ. ನಮ್ಮ ಜೊತೆ ಕೂತು ಊಟ ಮಾಡಿದವರು, ಪಕ್ಕದಲ್ಲಿ ಮಲಗಿದವರು, ಇದ್ದಕ್ಕಿದ್ದಂತೆ ಅವರಲ್ಲ ಅನ್ನಿಸಿಬಿಟ್ಟರೆ? ನನ್ನನ್ನು ನಿಜವಾಗಿ ನಡುಗಿಸಿದ ಸಿನಿಮಾಗಳೆಲ್ಲ ಆ ಜಾತಿಯವೇ.

ಮೊದಲನೆಯದು 'ನಾ ನಿನ್ನ ಬಿಡಲಾರೆ'. 1979ರದ್ದು. ನಾನು, ನಿಮ್ಮಮ್ಮ ಟೆಂಟ್‌ನಲ್ಲಿ ಮರಳ ಮೇಲೆ ಕೂತು ನೋಡಿದ್ದು. ಅನಂತ್ ನಾಗ್ ಅವರದು ಎಷ್ಟು ಸೌಮ್ಯವಾದ ಮುಖ ಹೇಳು! ಅಂಥ ಗಂಡಿನ ಮೈಮೇಲೆ ಹೆಣ್ಣಿನ ದೆವ್ವ ಬರುತ್ತದೆ. ಹೆಂಡತಿ ಲಕ್ಷ್ಮಿ, ರಾಘವೇಂದ್ರ ಸ್ವಾಮಿಗಳನ್ನು ನಂಬಿದವಳು, ಅವನನ್ನು ಉಳಿಸಿಕೊಳ್ಳಲು ಒದ್ದಾಡುತ್ತಾಳೆ. ಆಗ ಗ್ರಾಫಿಕ್ಸ್ ಇಲ್ಲ, ಏನೂ ಇಲ್ಲ. ಅನಂತ್ ನಾಗ್ ಕಣ್ಣಲ್ಲೇ ಎಲ್ಲ ನಡೆಯುತ್ತದೆ. ಕನ್ನಡದಲ್ಲಿ ಇಲ್ಲ ಅನ್ನುವ ನಿಮ್ಮಕ್ಕನಿಗೆ ಹೇಳು, ಇದನ್ನೇ 1981ರಲ್ಲಿ ಹಿಂದಿಯಲ್ಲಿ 'ಮಂಗಳಸೂತ್ರ' ಅಂತ ತೆಗೆದರು. ಕನ್ನಡದ್ದನ್ನು ಮಾಡಿದ್ದ ವಿಜಯ್ ಅವರೇ ನಿರ್ದೇಶಕರು, ಗಂಡನ ಪಾತ್ರವೂ ಅನಂತ್ ನಾಗ್ ಅವರದೇ. ಹೆಂಡತಿಯಾಗಿ ರೇಖಾ ಮಾಡಿದ್ದರು.

ಅದು ನಮ್ಮನ್ನು ಅಷ್ಟು ಹೆದರಿಸಲು ಕಾರಣ ಇತ್ತು. ನಮ್ಮ ಬೀದಿಯಲ್ಲೇ ಒಬ್ಬ ಹೆಂಗಸಿಗೆ ಆಗಾಗ ದನಿ ಬದಲಾಗುತ್ತಿತ್ತು. ಗಾಳಿ ಸೋಕಿದೆ ಎನ್ನುತ್ತಿದ್ದರು. ಬೇವಿನ ಸೊಪ್ಪಿನಲ್ಲಿ ಹೊಡೆಯುತ್ತಿದ್ದರು, ಯಂತ್ರ ಕಟ್ಟಿಸುತ್ತಿದ್ದರು. ನಾವು ಮಕ್ಕಳು ಕಿಟಕಿಯಲ್ಲಿ ಇಣುಕುತ್ತಿದ್ದೆವು. ಡಾಕ್ಟರ ಹತ್ತಿರ ಕರೆದುಕೊಂಡು ಹೋಗೋಣ ಎಂದು ಯಾರೂ ಹೇಳಲಿಲ್ಲ. ಈಗ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

'ನಾಳೆ ಬಾ' ವಿಷಯ ನಿಮಗೆ ಗೊತ್ತಲ್ವಾ? 90ರ ದಶಕದಲ್ಲಿ ಎದ್ದ ಸುದ್ದಿ. ರಾತ್ರಿ ದೆವ್ವ ಬಂದು ಬಾಗಿಲು ತಟ್ಟುತ್ತದೆ, ನಮ್ಮವರ ದನಿಯಲ್ಲೇ ಕರೆಯುತ್ತದೆ, ಬಾಗಿಲು ತೆಗೆದರೆ ಮುಗಿಯಿತು ಅಂತ. ಎಷ್ಟೋ ಊರುಗಳಲ್ಲಿ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದಿದ್ದರು. ಅದರಲ್ಲೂ ಭಯ ಎಲ್ಲಿದೆ ನೋಡು. ಕಾಣದ ಮುಖದಲ್ಲಿ ಅಲ್ಲ, ಗೊತ್ತಿರುವ ದನಿಯಲ್ಲಿ. ನೀವೆಲ್ಲ ಹಿಂದಿಯಲ್ಲಿ ನೋಡಿದ 2018ರ 'ಸ್ತ್ರೀ' ಬಂದದ್ದು ಈ ಸುದ್ದಿಯ ಎಳೆ ಹಿಡಿದೇ.

ಒಂದು ನಿಮಿಷ ಇರು, ಕುಕ್ಕರ್ ಆಫ್ ಮಾಡಿ ಬಂದೆ.

ಹಾಂ, ಈಗ ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಭಯಂಕರವಾದದ್ದು. 'ಆಪ್ತಮಿತ್ರ'. ಅದು ಕಾಮಿಡಿ, ಹಾಡು ಇರುವ ಸಿನಿಮಾ ಅಂತ ನೀನು ಹೇಳುತ್ತೀಯ. ಇರಲಿ. ಗಂಡ ಹೊರಗೆ ಹೋಗಬೇಡ ಎಂದು ತಡೆದಾಗ ಗಂಗಾ, ಅಂದರೆ ಸೌಂದರ್ಯ ಮಾಡಿದ ಪಾತ್ರ, ಬದಲಾಗುವ ಸೀನ್ ಒಂದನ್ನೇ ಇನ್ನೊಂದು ಸಲ ನೋಡು. ಮೇಕಪ್ ಇಲ್ಲ, ಹೊಗೆ ಇಲ್ಲ. ನೋಡುನೋಡುತ್ತಿದ್ದಂತೆ ಸೌಂದರ್ಯ ಅವರ ಕಣ್ಣು ಅಗಲವಾಗುತ್ತದೆ, ದನಿ ಗಡುಸಾಗುತ್ತದೆ, ಕನ್ನಡ ಹೋಗಿ ತೆಲುಗು ಬರುತ್ತದೆ.

ಈ ತೆಲುಗಿನ ವಿಷಯ ನಮ್ಮ ಕಡೆಯವರಿಗೆ ಮಾತ್ರ ಅರ್ಥವಾಗುವಂಥದ್ದು. ಗಂಗಾ ಮೈಮೇಲೆ ಬರುವ ನರ್ತಕಿ ನಾಗವಲ್ಲಿ, ಮೈಸೂರಿನವರಿಗೋ ಹುಬ್ಬಳ್ಳಿಯವರಿಗೋ ಬೇರೆ ಭಾಷೆಯವಳು, ದೂರದವಳು. ನಮಗೆ ಹಾಗಲ್ಲ. ಚಿಂತಾಮಣಿ, ಶ್ರೀನಿವಾಸಪುರ, ಮುಳಬಾಗಿಲು ಕಡೆ ಎಷ್ಟೋ ಮನೆಗಳಲ್ಲಿ ಒಳಗೆ ತೆಲುಗು, ಬೀದಿಗೆ ಬಂದರೆ ಕನ್ನಡ. ಅಜ್ಜಿಗೆ ಸಿಟ್ಟು ಬಂದರೆ ಬೈಯುವುದೂ ತೆಲುಗಿನಲ್ಲೇ ಅಲ್ವಾ? ಆ ದೆವ್ವ ನಮ್ಮ ಅಡುಗೆಮನೆಯ ಭಾಷೆಯಲ್ಲಿ ಮಾತಾಡಿತು, ಪುಟ್ಟಾ. 'ರಾ ರಾ' ಎಂದು ಹಾಡಿದಾಗ ಥಿಯೇಟರ್‌ನಲ್ಲಿ ಯಾರಿಗೂ ಅರ್ಥ ಹೇಳಬೇಕಾಗಿರಲಿಲ್ಲ.

ಇನ್ನೊಂದು ಮಾತು. ಸೌಂದರ್ಯ ಕೋಲಾರ ಜಿಲ್ಲೆಯ ಹೆಣ್ಣುಮಗಳು. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಗುವವರೆಗೆ ನಾವೂ ಕೋಲಾರದವರೇ. ಹಾಗಾಗಿ ಅವರು ನಮ್ಮ ಮನೆಯವರು ಅನ್ನುವ ಭಾವನೆ ಇತ್ತು. 2004ರ ಏಪ್ರಿಲ್ 17ರಂದು ಬೆಂಗಳೂರಿನಲ್ಲಿ ಚಿಕ್ಕ ವಿಮಾನ ಬಿದ್ದು ಅವರು, ಅವರ ಅಣ್ಣ ಇಬ್ಬರೂ ತೀರಿಕೊಂಡರು. ಸಿನಿಮಾ ಬಂದದ್ದು ಆಗಸ್ಟ್‌ನಲ್ಲಿ. ನಾವು ನೋಡಲು ಹೋದಾಗ ಪರದೆ ಮೇಲೆ ಅವರ ಮುಖ ಕಂಡ ಕೂಡಲೇ ಪಕ್ಕದಲ್ಲಿದ್ದ ಹೆಂಗಸರು ಅಳಲು ಶುರು ಮಾಡಿದರು. ಅಳು, ಭಯ ಎರಡೂ ಒಟ್ಟಿಗೆ ಬಂದ ಸಿನಿಮಾ ನನಗೆ ಅದೊಂದೇ.

ಕತೆ ಮೂಲದಲ್ಲಿ ಮಲಯಾಳಂನದು, ಫಾಸಿಲ್ ಅವರ 1993ರ 'ಮಣಿಚಿತ್ರತ್ತಾಳ್'. ಅದರಲ್ಲಿ ಶೋಭನಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಅದನ್ನೂ ನೋಡು, ತುಂಬಾ ಚೆನ್ನಾಗಿದೆ. ಎರಡರಲ್ಲೂ ನನಗೆ ಇಷ್ಟವಾದದ್ದು ಆ ಡಾಕ್ಟರ್ ಪಾತ್ರ. ನಮ್ಮಲ್ಲಿ ವಿಷ್ಣುವರ್ಧನ್ ಮಾಡಿದ್ದು. ಅವಳಿಗೆ ಬಂದಿರುವುದು ಕಾಯಿಲೆ, ಅವಳನ್ನು ಹೊಡೆಯಬೇಡಿ, ಬದುಕಿಸೋಣ ಎಂದು ಹಟ ಹಿಡಿಯುತ್ತಾನಲ್ಲ. ನಮ್ಮ ಬೀದಿಯ ಆ ಹೆಂಗಸಿಗೆ ಅಂಥವರು ಒಬ್ಬರು ಸಿಕ್ಕಿದ್ದರೆ ಎಂದು ಈಗಲೂ ಅನ್ನಿಸುತ್ತದೆ.

ಇಂಗ್ಲಿಷ್‌ನಲ್ಲಿ ಬೇಕೇ ಬೇಕು ಅಂದರೆ 'ಎಕ್ಸಾರ್ಸಿಸ್ಟ್'. 1973ರದ್ದು. ಎಲ್ಲರೂ ದೆವ್ವ ಹಿಡಿದ ಹುಡುಗಿ ತಲೆ ತಿರುಗಿಸುವುದನ್ನೇ ಹೇಳುತ್ತಾರೆ. ನನಗೆ ಕರುಳು ಹಿಂಡಿದ್ದು ಅದಕ್ಕೆ ಮುಂಚಿನದು. ತಾಯಿ ಮಗಳನ್ನು ಕರೆದುಕೊಂಡು ಆಸ್ಪತ್ರೆಗೆ ಅಲೆಯುತ್ತಾಳೆ, ಒಂದಾದ ಮೇಲೊಂದು ಟೆಸ್ಟ್ ಮಾಡುತ್ತಾರೆ, ಏನೂ ಸಿಗುವುದಿಲ್ಲ. ಮಕ್ಕಳನ್ನು ಹೆತ್ತವರು ಅದನ್ನು ನೋಡುವುದು ಕಷ್ಟ. ಕೊನೆಯಲ್ಲಿ ಬಾಯಿಂದ ಹೊಗೆ ಬರುತ್ತದಲ್ಲ, ಅದು ನಿಜವಾದ ಉಸಿರು. ಆ ರೂಮಿನ ಸೆಟ್ಟನ್ನೇ ಫ್ರಿಜ್ ತರ ತಣ್ಣಗೆ ಮಾಡಿ ಶೂಟಿಂಗ್ ಮಾಡಿದ್ದರಂತೆ. ಹಿಂದಿಯಲ್ಲಿ ರಾಮ್ ಗೋಪಾಲ್ ವರ್ಮಾ ಅವರ 2003ರ 'ಭೂತ್' ಕೂಡ ಒಳ್ಳೆಯದೇ. ಹಾಡಿಲ್ಲ, ಹಾಳು ಬಂಗಲೆ ಇಲ್ಲ, ನಮ್ಮಂಥವರು ಇರುವ ಫ್ಲ್ಯಾಟು. ಲಿಫ್ಟ್ ಹತ್ತಲು ಹೆದರಿಕೆ ಆಗುತ್ತದೆ.

ಭಾನುವಾರಕ್ಕೆ ನನ್ನ ಮಾತು ಕೇಳು, 'ಆಪ್ತಮಿತ್ರ' ಹಾಕು. ಅಜ್ಜಿಗೂ ಹಿಡಿಸುತ್ತದೆ, ಭಾವನವರೂ ಎದ್ದು ಹೋಗುವುದಿಲ್ಲ. 'ಎಕ್ಸಾರ್ಸಿಸ್ಟ್' ದೊಡ್ಡವರು ಮಾತ್ರ ಬೇರೆ ದಿನ ನೋಡಿ, ಮಕ್ಕಳ ಮುಂದೆ ಬೇಡವೇ ಬೇಡ. ಚಿಕ್ಕವನಿಗೆ ಈಗಲೇ ರಾತ್ರಿ ಬಚ್ಚಲಿಗೆ ಹೋಗಲು ಭಯ. ಊಟ ಆದ ಮೇಲೆ ಅವನನ್ನು ನಾನು ಒಳಗೆ ಮಲಗಿಸುತ್ತೇನೆ, ಆಮೇಲೆ ಶುರು ಮಾಡಿ. ಟಿವಿ ಸೌಂಡ್ ಸಾಲುವುದಿಲ್ಲ, ನಿನ್ನ ಹತ್ತಿರ ಇರುವ ಸ್ಪೀಕರ್ ಮರೆಯದೆ ತಾ. ಗೆಜ್ಜೆ ಸದ್ದು ಸರಿಯಾಗಿ ಕೇಳಿಸಬೇಕು.